ಷೇರಿನ ಬೆಲೆ ಬರೆಯೋ ಕೈ ಯಾರದ್ದು?

"ಕಂಪನಿ ಚೆನ್ನಾಗಿಯೇ ಇದೆ, ಲಾಭವೂ ಬಂದಿದೆ, ಮತ್ಯಾಕೆ ಷೇರು ಬಿತ್ತು?" ಐಟಿ ಕಂಪನಿಗಳ ಮೂರು ತಿಂಗಳ ಲೆಕ್ಕ ಹೊರಬಿದ್ದ ಮಾರನೇ ದಿನ ಬೆಂಗಳೂರಿನ ಯಾವ ಆಫೀಸಿನ ಕ್ಯಾಂಟೀನಿನಲ್ಲಿ ಕೂತರೂ ಈ ಪ್ರಶ್ನೆ ಕಿವಿಗೆ ಬೀಳುತ್ತೆ. ಉತ್ತರಗಳೂ ಸಿದ್ಧವಾಗೇ ಇರುತ್ತವೆ. "ಫಾರಿನ್ನೋರು ಮಾರಿದ್ರು" ಅಂತ ಒಬ್ಬರು. "ಇದೆಲ್ಲಾ ಆಪರೇಟರುಗಳ ಆಟ" ಅಂತ ಇನ್ನೊಬ್ಬರು. "ನಮ್ಮ ಜನ ಸುಮ್ನೆ ಹೆದರಿ ಮಾರ್ತಾರೆ ಕಣ್ರೀ" ಅಂತ ಮತ್ತೊಬ್ಬರು.

ಮೂರೂ ಪೂರ್ತಿ ಸುಳ್ಳಲ್ಲ. ಆದರೆ ಯಾವುದು ಯಾವಾಗ ನಿಜ ಅಂತ ತಿಳಿಯಬೇಕಾದರೆ ಹಳೇ ಕಡತ ಸ್ವಲ್ಪ ತೆಗೆಯಬೇಕು. ನಮ್ಮ ದೇಶದ ಸಾಫ್ಟ್‌ವೇರ್ ಷೇರುಗಳ ಕಥೆ ಶುರುವಾಗಿ ಮೂವತ್ತು ವರ್ಷದ ಮೇಲಾಯಿತು. ಅದರಲ್ಲಿ ದೊಡ್ಡ ಹೂಡಿಕೆದಾರರು ಏನು ಮಾಡಿದರು, ನಮ್ಮ ನಿಮ್ಮಂಥ ಸಣ್ಣವರು ಏನು ಮಾಡಿದರು, ಬೆಲೆ ಯಾರ ಮಾತು ಕೇಳಿತು ಅಂತ ಸಾಲಾಗಿ ನೋಡಿಕೊಂಡು ಹೋದರೆ ಒಂದು ವಿಷಯ ಸ್ಪಷ್ಟವಾಗುತ್ತೆ. ಅದನ್ನೇ ಇಲ್ಲಿ ಬರೆಯೋಕೆ ಹೊರಟಿದ್ದೀನಿ. ಸ್ವಲ್ಪ ಉದ್ದ ಇದೆ, ಕಾಫಿ ಪಕ್ಕಕ್ಕಿಟ್ಟುಕೊಂಡು ಓದಿ :-)

ಮೊದಲು ಒಂದು ಹೂವಿನ ಲೆಕ್ಕ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿದ್ದೀರಲ್ಲ? ಕನಕಾಂಬರದ ಬೆಲೆ ಕೇಳಿದರೆ ತಲೆ ತಿರುಗುತ್ತೆ. ಹಾಗಂತ ಊರಿನಲ್ಲಿ ಹೂವೇ ಇಲ್ಲ ಅಂತಲ್ಲ. ತೋಟಗಳಲ್ಲಿದೆ, ಮನೆ ಹಿತ್ತಲಲ್ಲಿದೆ, ಕೋಲ್ಡ್ ಸ್ಟೋರೇಜಿನಲ್ಲಿದೆ. ಆದರೆ ಬೆಲೆ ಕಟ್ಟೋದು ಅದ್ಯಾವುದೂ ಅಲ್ಲ. ಆ ಹೊತ್ತಿಗೆ ಪುಟ್ಟಿಯಲ್ಲಿ ಮಾರಾಟಕ್ಕೆ ಕೂತಿರೋ ಹೂವು ಎಷ್ಟು, ಅದರ ಮುಂದೆ ನಿಂತಿರೋ ಜನ ಎಷ್ಟು, ಅವರಿಗೆಷ್ಟು ಅವಸರ - ಇಷ್ಟೇ.

ಷೇರೂ ಹಾಗೇ. ಕಂಪನಿಯ ಷೇರು ಒಟ್ಟು ನೂರು ಕೋಟಿ ಇರಬಹುದು. ಇವತ್ತು ಕೈ ಬದಲಾಗೋದು ಅದರಲ್ಲಿ ಎಲ್ಲೋ ಒಂದು ಚೂರು. ಆ ಚೂರಿನಲ್ಲೂ ಕೊನೆಯ ವ್ಯವಹಾರ ಯಾವ ಬೆಲೆಗೆ ಆಯಿತೋ ಅದೇ ಪರದೆ ಮೇಲೆ ಕಾಣುತ್ತೆ. ಅದನ್ನೇ ಉಳಿದ ಅಷ್ಟೂ ಷೇರಿಗೆ ಗುಣಿಸಿ "ಕಂಪನಿಯ ಮೌಲ್ಯ ಇಷ್ಟು ಲಕ್ಷ ಕೋಟಿ" ಅಂತ ಪೇಪರಿನವರು ಬರೀತಾರೆ. ಅಂದರೆ ಬೆಲೆ ಬರೆಯೋರು ಷೇರು ಇಟ್ಟುಕೊಂಡು ಸುಮ್ಮನೆ ಕೂತವರಲ್ಲ, ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತವರು. ಒಳಗೆ ಬರೋಕೆ ನಿಂತವರು, ಇಲ್ಲಾ ಹೊರಗೆ ಹೋಗೋಕೆ ನಿಂತವರು.

ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆಯೆಲ್ಲಾ ಸಲೀಸು.

1993: ಬಾಗಿಲಲ್ಲಿ ಯಾರೂ ಇರಲಿಲ್ಲ

1992ರ ಮೇ ತನಕ ಒಂದು ಕಂಪನಿ ತನ್ನ ಷೇರನ್ನು ಜನರಿಗೆ ಯಾವ ಬೆಲೆಗೆ ಮಾರಬೇಕು ಅನ್ನೋದನ್ನು ದೆಹಲಿಯಲ್ಲಿ ಒಂದು ಸರ್ಕಾರಿ ಕಚೇರಿ ತೀರ್ಮಾನ ಮಾಡುತ್ತಿತ್ತು. ಆ ವರ್ಷ ಆ ಪದ್ಧತಿ ಹೋಯಿತು. ಅದೇ ವರ್ಷ ಸೆಬಿಗೆ ಕಾನೂನಿನ ಬಲ ಬಂತು, ಸೆಪ್ಟೆಂಬರಿನಲ್ಲಿ ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ ನಮ್ಮ ಪೇಟೆಗೆ ಬರೋಕೆ ಅನುಮತಿ ಸಿಕ್ಕಿತು. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಹರ್ಷದ್ ಮೆಹ್ತಾ ಹಗರಣವೂ ಬಯಲಾಗಿತ್ತು. ಷೇರು ಅಂದರೆ ಜನ ಮಾರು ದೂರ ನಿಲ್ಲೋ ಕಾಲ.

ಇಂಥ ಹೊತ್ತಿನಲ್ಲಿ, 1993ರ ಫೆಬ್ರವರಿಯಲ್ಲಿ, ಇನ್ಫೋಸಿಸ್ ಜನರ ಮುಂದೆ ಬಂತು. 10 ರೂಪಾಯಿ ಮುಖಬೆಲೆಯ ಷೇರಿಗೆ 95 ರೂಪಾಯಿ. 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು ಸೇರಿ ಶುರುಮಾಡಿ, 1983ರಲ್ಲಿ ಬೆಂಗಳೂರಿಗೆ ತಂದ ಕಂಪನಿ. ಆಗಿನ ಸಣ್ಣ ಹೂಡಿಕೆದಾರರ ಕಣ್ಣಿಂದ ಸುಮ್ಮನೆ ನೋಡಿ: ಕಾರ್ಖಾನೆ ಇಲ್ಲ, ಚಿಮಣಿ ಇಲ್ಲ, ಯಂತ್ರ ಇಲ್ಲ. ಆಸ್ತಿ ಯಾವುದು ಅಂದರೆ ಸಂಜೆ ಆದ ಮೇಲೆ ಮನೆಗೆ ಹೋಗೋ ಹುಡುಗರು! ಅದಕ್ಕೆ 85 ರೂಪಾಯಿ ಪ್ರೀಮಿಯಂ ಯಾರು ಕೊಡ್ತಾರೆ?

ಯಾರೂ ಕೊಡಲಿಲ್ಲ. ಅಂದರೆ ಸಾಕಷ್ಟು ಜನ ಕೊಡಲಿಲ್ಲ. ಷೇರು ಪೂರ್ತಿ ಬಿಕರಿಯಾಗಲಿಲ್ಲ. ಕಡೆಗೆ ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಬಂದು ಅದೇ 95 ರೂಪಾಯಿಗೆ ಕಂಪನಿಯ ನೂರಕ್ಕೆ 13ರಷ್ಟು ಪಾಲು ತೆಗೆದುಕೊಂಡಿತು. ಜೂನ್‌ನಲ್ಲಿ ಷೇರು ಪೇಟೆಗೆ ಬಂದಾಗ ಮೊದಲ ಬೆಲೆ 145 ರೂಪಾಯಿ. ನಾಲ್ಕು ತಿಂಗಳಲ್ಲಿ ಅರ್ಧಕ್ಕರ್ಧ ಜಾಸ್ತಿ.

ಆಮೇಲಿನದ್ದು ಎಲ್ಲರಿಗೂ ಗೊತ್ತು. ಆದರೂ ಲೆಕ್ಕ ಒಮ್ಮೆ ಹಾಕಿಬಿಡೋಣ. 1993ರಲ್ಲಿ 9,500 ರೂಪಾಯಿ ಕೊಟ್ಟು 100 ಷೇರು ತೆಗೆದುಕೊಂಡವರು ಏನೂ ಮಾಡದೆ ಕೂತಿದ್ದರೆ 1994, 1997, 1999ರ ಬೋನಸ್‌ಗಳಿಂದ ಅದು 800 ಆಗುತ್ತಿತ್ತು. ಆಮೇಲೆ ಮುಖಬೆಲೆ 10ರಿಂದ 5ಕ್ಕೆ ಇಳಿದು 1,600. 2004ರಲ್ಲಿ ಒಂದಕ್ಕೆ ಮೂರು ಬೋನಸ್ ಸಿಕ್ಕಿ 6,400. 2006, 2014, 2015, 2018ರಲ್ಲಿ ಪ್ರತಿ ಸಲ ಎರಡರಷ್ಟಾಗಿ ಕಡೆಗೆ 1,02,400 ಷೇರು. ಒಂದಕ್ಕೆ ಸಾವಿರ ರೂಪಾಯಿ ಅಂತಲೇ ಹಿಡಿದರೂ ಹತ್ತು ಕೋಟಿ ದಾಟಿತು. ಡಿವಿಡೆಂಡ್ ಬೇರೆ.

ಈ ಲೆಕ್ಕವನ್ನು ಸಾಮಾನ್ಯವಾಗಿ "ತಾಳಿದವನು ಬಾಳಿಯಾನು" ಅನ್ನೋಕೆ ಹೇಳ್ತಾರೆ. ನನಗೆ ಕಾಣೋದು ಬೇರೆ. 1993ರಲ್ಲಿ ಆ ಬಾಗಿಲು ಸಣ್ಣವರಿಗೂ ದೊಡ್ಡವರಿಗೂ ಒಂದೇ ದಿನ, ಒಂದೇ ಬೆಲೆಗೆ ತೆರೆದಿತ್ತು. ಸಣ್ಣವರು ಹೆದರಿ ಹೊರಗುಳಿದರು, ದೊಡ್ಡವರು ಬಂದರು. ಈ ಮಾತು ಮುಂದೆ ಬೇಕಾಗುತ್ತೆ, ಇಲ್ಲೇ ಇರಲಿ.

2000: ಎಲ್ಲರೂ ಒಂದೇ ಬಾಗಿಲಿಗೆ

ಏಳು ವರ್ಷದಲ್ಲಿ ಲೋಕ ತಲೆಕೆಳಗಾಯಿತು. ವೈ2ಕೆ, ಅಮೆರಿಕದ ಡಾಟ್‌ಕಾಂ ಜ್ವರ, ಡಾಲರ್ ಗಳಿಕೆ. ಹೆಸರಿನಲ್ಲಿ "ಸಾಫ್ಟ್‌ವೇರ್" "ಇನ್ಫೋಟೆಕ್" ಅಂತ ಬಾಲ ಅಂಟಿಸಿಕೊಂಡ ಕಂಪನಿಗಳ ಷೇರೆಲ್ಲಾ ಹಾರಿದವು. 2000ದ ಫೆಬ್ರವರಿಯಲ್ಲಿ ವಿಪ್ರೋ ಷೇರು ಹತ್ತು ಸಾವಿರ ರೂಪಾಯಿಯ ಹತ್ತಿರ ಹೋಯಿತು. ಅದೂ 2 ರೂಪಾಯಿ ಮುಖಬೆಲೆಯ ಷೇರು! ಆಗ ಕಂಪನಿಯ ಒಟ್ಟು ಷೇರು ಸುಮಾರು 23 ಕೋಟಿ. ಗುಣಿಸಿದರೆ ಎರಡು ಲಕ್ಷ ಕೋಟಿ ರೂಪಾಯಿಗೂ ಮೇಲೆ. ಅಜೀಂ ಪ್ರೇಮ್‌ಜಿ ಹೆಸರು ಜಗತ್ತಿನ ಅತಿ ದೊಡ್ಡ ಶ್ರೀಮಂತರ ಪಕ್ಕದಲ್ಲಿ ಕಾಣಿಸಿಕೊಂಡಿತು.

ಇಲ್ಲಿ ಹೂವಿನ ಪುಟ್ಟಿ ನೆನಪಿಸಿಕೊಳ್ಳಿ. ವಿಪ್ರೋದ ನೂರರಲ್ಲಿ 80ಕ್ಕೂ ಹೆಚ್ಚು ಷೇರು ಪ್ರೇಮ್‌ಜಿಯವರ ಕೈಯಲ್ಲೇ ಇತ್ತು. ಅವರು ಮಾರುತ್ತಿರಲಿಲ್ಲ. ಉಳಿದದ್ದರಲ್ಲೂ ಒಂದಿಷ್ಟು ಅಲುಗಾಡದ ಷೇರು. ಅದಕ್ಕೊಂದು ಚಂದದ ಕಾರಣ ಇದೆ. ವಿಪ್ರೋ ಹುಟ್ಟಿದ್ದು 1945ರಲ್ಲಿ, ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರ್ ಎಂಬ ಊರಿನಲ್ಲಿ, ವನಸ್ಪತಿ ಎಣ್ಣೆಯ ಕಾರ್ಖಾನೆಯಾಗಿ. ಆ ಊರಿನ ಎಷ್ಟೋ ಕುಟುಂಬಗಳು ತಲೆಮಾರಿನಿಂದ ಆ ಷೇರು ಇಟ್ಟುಕೊಂಡಿದ್ದವು. ಮಗಳ ಮದುವೆಗೋ ಮನೆ ಕಟ್ಟೋಕೋ ನಾಲ್ಕು ಷೇರು ಮಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗಾಗಿ ಇಡೀ ದೇಶ ಐಟಿ ಷೇರು ಬೇಕು ಅಂತ ಮುಗಿಬಿದ್ದಾಗ ಪುಟ್ಟಿಯಲ್ಲಿದ್ದದ್ದು ಬೊಗಸೆ ಹೂವು. ಆ ಬೊಗಸೆಯ ಬೆಲೆಯನ್ನೇ ತೋಟಕ್ಕೆಲ್ಲಾ ಗುಣಿಸಿ ಎರಡು ಲಕ್ಷ ಕೋಟಿ ಅಂದದ್ದು. ಪ್ರೇಮ್‌ಜಿಯವರು ಅಷ್ಟೂ ಷೇರನ್ನು ಅವತ್ತು ಮಾರೋಕೆ ಹೊರಟಿದ್ದರೆ ಆ ಬೆಲೆ ಮಧ್ಯಾಹ್ನದ ತನಕವೂ ನಿಲ್ಲುತ್ತಿರಲಿಲ್ಲ. ಒಂದೂವರೆ ವರ್ಷ ಕಳೆಯೋದರೊಳಗೆ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಕರಗಿತು. ಕಂಪನಿ ಅಲ್ಲೇ ಇತ್ತು, ಲಾಭ ಮಾಡುತ್ತಲೇ ಇತ್ತು. ಬಾಗಿಲಲ್ಲಿದ್ದ ಜನ ಮಾತ್ರ ಚದುರಿದ್ದರು.

(ಆಮೇಲೆ ಸರ್ಕಾರ ನಿಯಮ ಬದಲಿಸಿ, ಪೇಟೆಯಲ್ಲಿರೋ ಖಾಸಗಿ ಕಂಪನಿಗಳ ನೂರಕ್ಕೆ 25ರಷ್ಟಾದರೂ ಷೇರು ಸಾರ್ವಜನಿಕರ ಕೈಲಿರಬೇಕು ಅಂತ 2013ರ ಜೂನ್‌ಗೆ ಗಡುವು ಕೊಟ್ಟಿತು. ಪುಟ್ಟಿ ಸ್ವಲ್ಪ ದೊಡ್ಡದಾಗಿರಲಿ ಅಂತ.)

ಇನ್ನೊಂದು ತಮಾಷೆ ನೋಡಿ. 1999ರ ಮಾರ್ಚ್ 11ರಂದು ಇನ್ಫೋಸಿಸ್ ಅಮೆರಿಕದ ನಾಸ್ಡಾಕ್‌ಗೆ ಹೋಯಿತು. ಭಾರತದಲ್ಲಿ ನೋಂದಾಯಿಸಿದ ಕಂಪನಿಯೊಂದು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ಮಾರಿದ್ದು ಷೇರಿನ ಬದಲಿನ ರಸೀದಿ, ಅಂದರೆ ಎಡಿಆರ್. ಹೊರಟ ಬೆಲೆ 34 ಡಾಲರ್. ಆಮೇಲೆ ನೋಡಿದರೆ ಒಂದೇ ಕಂಪನಿ, ಒಂದೇ ಲಾಭ, ಒಂದೇ ಎಲೆಕ್ಟ್ರಾನಿಕ್ ಸಿಟಿ, ಆದರೆ ನ್ಯೂಯಾರ್ಕಿನಲ್ಲಿ ಒಂದು ಬೆಲೆ, ಮುಂಬೈಯಲ್ಲಿ ಇನ್ನೊಂದು! ಲೆಕ್ಕ ಹಾಕಿದರೆ ಅಲ್ಲಿಯದು ಇಲ್ಲಿಗಿಂತ ಎಷ್ಟೋ ಜಾಸ್ತಿ. ಕಾರಣ ಸರಳ. ಇಲ್ಲಿ ಅಗ್ಗಕ್ಕೆ ಕೊಂಡು ಅಲ್ಲಿ ರಸೀದಿ ಮಾಡಿಸಿ ಮಾರೋಕೆ ಆಗ ದಾರಿ ಇರಲಿಲ್ಲ. ಎರಡು ಬಾಗಿಲು, ಮಧ್ಯೆ ಗೋಡೆ. 2002ರಲ್ಲಿ ರಿಸರ್ವ್ ಬ್ಯಾಂಕ್ ಆ ಗೋಡೆಯಲ್ಲೊಂದು ಕಿಂಡಿ ಬಿಟ್ಟಿತು. ಷೇರಿಗೊಂದು "ನಿಜವಾದ ಬೆಲೆ" ಇದೆ, ಪೇಟೆ ಅದನ್ನು ಹುಡುಕಿ ತೋರಿಸುತ್ತೆ ಅನ್ನೋರು ಈ ಎರಡರಲ್ಲಿ ನಿಜವಾದದ್ದು ಯಾವುದು ಅಂತ ಹೇಳಬೇಕಾಗುತ್ತೆ.

2001: ಬಾಗಿಲಲ್ಲಿ ಬಾಡಿಗೆ ಜನ

ಬಾಗಿಲಲ್ಲಿ ನಿಂತವರೇ ಬೆಲೆ ಬರೆಯೋದು ಅಂತ ಗೊತ್ತಾದ ಮೇಲೆ ಜಾಣರು ಏನು ಮಾಡ್ತಾರೆ? ಬಾಗಿಲಲ್ಲಿ ತಮ್ಮದೇ ಜನರನ್ನು ನಿಲ್ಲಿಸ್ತಾರೆ.

ಮುಂಬೈಯ ದಲ್ಲಾಳಿ, ಓದಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್, ಕೇತನ್ ಪಾರೇಖ್ ಮಾಡಿದ್ದು ಅದನ್ನೇ. ಅವರು ಹಿಡಿದ ಷೇರುಗಳಿಗೆ ಪೇಟೆ ಇಟ್ಟ ಹೆಸರು "ಕೆ-10". ಎಚ್‌ಎಫ್‌ಸಿಎಲ್, ಗ್ಲೋಬಲ್ ಟೆಲಿಸಿಸ್ಟಮ್ಸ್, ಡಿಎಸ್‌ಕ್ಯೂ ಸಾಫ್ಟ್‌ವೇರ್, ಸಿಲ್ವರ್‌ಲೈನ್, ಪೆಂಟಾಮೀಡಿಯಾ ಗ್ರಾಫಿಕ್ಸ್... ಹೆಚ್ಚಿನವು ತಂತ್ರಜ್ಞಾನ, ದೂರಸಂಪರ್ಕ, ಮಾಧ್ಯಮದ ಕಂಪನಿಗಳು. ಪುಟ್ಟಿಯಲ್ಲಿ ಹೂವು ಕಡಿಮೆ ಇರೋ ಷೇರಾದರೆ ಆಟ ಇನ್ನೂ ಸುಲಭ.

ಉಪಾಯ ಹೀಗೆ. ಒಬ್ಬನೇ ಮನುಷ್ಯ ನಾಲ್ಕು ಹೆಸರಿನಲ್ಲಿ ಖಾತೆ ಇಟ್ಟುಕೊಂಡಿದ್ದಾನೆ ಅಂದುಕೊಳ್ಳಿ. ಮೊದಲನೇ ಖಾತೆ ಎರಡನೆಯದಕ್ಕೆ 100ಕ್ಕೆ ಮಾರುತ್ತೆ, ಎರಡನೆಯದು ಮೂರನೆಯದಕ್ಕೆ 105ಕ್ಕೆ, ಮೂರನೆಯದು ನಾಲ್ಕನೆಯದಕ್ಕೆ 110ಕ್ಕೆ. ಷೇರು ಮನೆ ಬಿಟ್ಟು ಹೊರಗೇ ಹೋಗಿಲ್ಲ. ಆದರೆ ಪರದೆ ಮೇಲೆ ಬೆಲೆ ಏರಿದೆ, ವ್ಯವಹಾರವೂ ಜೋರಾಗಿದೆ! ಊರಿನಲ್ಲಿ ಪೇಪರ್ ನೋಡೋ ಸಣ್ಣ ಹೂಡಿಕೆದಾರ "ಏನೋ ಇದೆ ಇದರಲ್ಲಿ" ಅಂತ ಬರ್ತಾನೆ. ಅವನು ಬಂದ ಮೇಲೆ ಬಾಡಿಗೆ ಜನ ಬೇಕಿಲ್ಲ. ನಿಜವಾದ ಜನವೇ ಬಂದರಲ್ಲ.

ಇದಕ್ಕೆ ದುಡ್ಡು ಬೇಕು. ಆಗ "ಬದ್ಲಾ" ಅನ್ನೋ ಪದ್ಧತಿ ಇತ್ತು. ಕೊಂಡ ಷೇರಿಗೆ ಪೂರ್ತಿ ಹಣ ಕೊಡದೆ, ಬಡ್ಡಿ ಕಟ್ಟಿಕೊಂಡು ಲೆಕ್ಕವನ್ನು ಮುಂದಿನ ವಾರಕ್ಕೆ ತಳ್ಳಬಹುದಿತ್ತು. ಸಾಲದಕ್ಕೆ ಬ್ಯಾಂಕುಗಳು. ಅಹಮದಾಬಾದಿನ ಮಾಧವಪುರ ಮರ್ಕಂಟೈಲ್ ಸಹಕಾರಿ ಬ್ಯಾಂಕ್ ಹಣವಿಲ್ಲದೆ ಬರೆದುಕೊಟ್ಟ 137 ಕೋಟಿ ರೂಪಾಯಿಯ ಪೇ ಆರ್ಡರುಗಳು ಬ್ಯಾಂಕ್ ಆಫ್ ಇಂಡಿಯಾದ ಕೊರಳಿಗೆ ಬಿದ್ದವು. 2001ರ ಮಾರ್ಚ್‌ನಲ್ಲಿ ಪೇಟೆ ಕುಸಿಯಿತು, ಕಲ್ಕತ್ತಾ ಷೇರು ವಿನಿಮಯ ಕೇಂದ್ರದಲ್ಲಿ ದಲ್ಲಾಳಿಗಳು ಹಣ ಕಟ್ಟಲಾರದೆ ಹೋದರು, ತಿಂಗಳ ಕೊನೆಗೆ ಪಾರೇಖ್ ಬಂಧನವಾಯಿತು. ಜುಲೈಯಲ್ಲಿ ಬದ್ಲಾ ನಿಂತಿತು.

ಆದರೆ ನನಗೆ ಈ ಕಥೆಯಲ್ಲಿ ಹೆಚ್ಚು ಕಾಡೋದು ಪಾರೇಖ್ ಅಲ್ಲ. ಯುಎಸ್-64.

1964ರಲ್ಲಿ ಶುರುವಾದ ಯೂನಿಟ್ ಟ್ರಸ್ಟಿನ ಆ ಯೋಜನೆ ಗೊತ್ತಲ್ಲ? ರಿಟೈರ್ ಆದ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ವಿಧವೆಯರು - ಸುಮಾರು ಎರಡು ಕೋಟಿ ಜನ ಅದರಲ್ಲಿ ಹಣ ಇಟ್ಟಿದ್ದರು. ಅವರಲ್ಲಿ ಹೆಚ್ಚಿನವರು ಷೇರುಪೇಟೆ ಅಂದರೆ ಜೂಜು ಅಂದುಕೊಂಡವರು. ಯುಎಸ್-64 ಅವರಿಗೆ ಷೇರಲ್ಲ, ಸರ್ಕಾರದ ಪೋಸ್ಟ್ ಆಫೀಸ್ ಇದ್ದ ಹಾಗೆ. ಆದರೆ ಒಳಗೆ ಆ ಹಣ ಷೇರಿನಲ್ಲೇ ಇತ್ತು, ಆ ಕಾಲದ ತಂತ್ರಜ್ಞಾನ ಷೇರುಗಳಲ್ಲೂ ಇತ್ತು. ಅಂದರೆ ಪೇಟೆಯಲ್ಲಿ "ದೊಡ್ಡ ಹೂಡಿಕೆದಾರ" ಅಂತ ಕಂಡ ಯೂನಿಟ್ ಟ್ರಸ್ಟ್ ನಿಜವಾಗಿ ಎರಡು ಕೋಟಿ ಸಣ್ಣವರ ಒಟ್ಟು ಗಂಟು.

ಯೂನಿಟ್ಟಿನ ಬೆಲೆ ಒಳಗಿನ ಷೇರುಗಳ ಬೆಲೆಯ ಮೇಲೆ ನಿಂತಿರಲಿಲ್ಲ. ಟ್ರಸ್ಟೇ ಒಂದು ಬೆಲೆ ಹೇಳುತ್ತಿತ್ತು. ಒಳಗೆ ಗಂಟು ಕರಗಿದ್ದರೂ ಹೊರಗೆ ಬೆಲೆ ಮೇಲೇ ಇತ್ತು. 2001ರ ಏಪ್ರಿಲ್ ಮತ್ತು ಮೇ ಎರಡೇ ತಿಂಗಳಲ್ಲಿ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಅದರಿಂದ ಹೊರಗೆ ಹೋಯಿತು. ಹೆಚ್ಚುಕಡಿಮೆ ಪೂರ್ತಿ ತೆಗೆದುಕೊಂಡು ಹೋದವರು ದೊಡ್ಡ ಕಂಪನಿಗಳು. ಜುಲೈ 2ರಂದು ಯುಎಸ್-64 ಆರು ತಿಂಗಳ ಮಟ್ಟಿಗೆ ಬಾಗಿಲು ಹಾಕಿತು. ಮೇಷ್ಟ್ರು ಬಂದಾಗ ಬೀಗ.

ಆಮೇಲೆ ಗಲಾಟೆಯಾಗಿ, ಸಣ್ಣವರಿಗೆ 3,000 ಯೂನಿಟ್‌ವರೆಗೆ ಮಾರೋಕೆ ಅವಕಾಶ ಕೊಟ್ಟರು. ಕಡೆಗೆ ಸರ್ಕಾರವೇ ಹೊಣೆ ಹೊತ್ತುಕೊಂಡಿತು, ಅಂದರೆ ತೆರಿಗೆ ಕಟ್ಟೋರು ಹೊತ್ತರು. ದೊಡ್ಡವರು ಸಣ್ಣವರು ಅನ್ನೋದರ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾದದ್ದು ಈ ಎರಡು ತಿಂಗಳ ಲೆಕ್ಕ ಓದಿದಾಗ. ವ್ಯತ್ಯಾಸ ಬರೀ ದುಡ್ಡಿನದ್ದಲ್ಲ. ಬಾಗಿಲು ಮುಚ್ಚೋ ಮೊದಲು ಅಲ್ಲಿಗೆ ತಲುಪೋದು ಯಾರು ಅನ್ನೋದರದ್ದು.

2003: ಕ್ಯಾಂಟೀನ್ ಪ್ರಶ್ನೆಗೆ ಉತ್ತರ

ಎಲ್ಲವೂ ಮೋಸ ಅಂತಲ್ಲ ಮತ್ತೆ. 2003ರ ಏಪ್ರಿಲ್ 10ರಂದು ಇನ್ಫೋಸಿಸ್ ತನ್ನ ವರ್ಷದ ಲೆಕ್ಕ ಕೊಟ್ಟಿತು. ಲಾಭ ಹಿಂದಿನ ವರ್ಷಕ್ಕಿಂತ ಹೆಚ್ಚೇ ಇತ್ತು. ಆದರೆ ಮುಂದಿನ ವರ್ಷ ಬೆಳವಣಿಗೆ ಇಷ್ಟೇ ಇರಬಹುದು ಅಂತ ಹೇಳಿದ ಅಂದಾಜು ಪೇಟೆ ಕಾದಿದ್ದಕ್ಕಿಂತ ಕಡಿಮೆ. ಒಂದೇ ದಿನ ಷೇರು ನೂರಕ್ಕೆ 25ಕ್ಕೂ ಹೆಚ್ಚು ಬಿತ್ತು.

ಇಲ್ಲಿ ಮೋಸವೂ ಇಲ್ಲ, ಮುಚ್ಚುಮರೆಯೂ ಇಲ್ಲ. ದೊಡ್ಡ ಫಂಡುಗಳು ಮುಂದಿನ ಮೂರ್ನಾಲ್ಕು ವರ್ಷದ ಗಳಿಕೆಯನ್ನು ಕಾಗದದ ಮೇಲೆ ಬರೆದುಕೊಂಡು, ಅದಕ್ಕೆ ತಕ್ಕ ಬೆಲೆ ಕೊಟ್ಟಿರುತ್ತವೆ. ಬೆಳವಣಿಗೆಯ ಒಂದು ಅಂಕಿ ಬದಲಾದರೆ ಎಲ್ಲರ ಕಾಗದವೂ ಒಂದೇ ಬೆಳಗ್ಗೆ ಬದಲಾಗುತ್ತೆ. ಎಲ್ಲರೂ ಒಟ್ಟಿಗೆ ಹೊರಬಾಗಿಲಿಗೆ ಬರ್ತಾರೆ. ಸಣ್ಣವರು ನಿನ್ನೆಯ ಲಾಭ ನೋಡಿ "ಚೆನ್ನಾಗಿದೆಯಲ್ಲಾ" ಅಂತಾರೆ, ದೊಡ್ಡವರು ನಾಳೆಯದನ್ನು ನೋಡಿ ಎದ್ದು ಹೊರಟಿರ್ತಾರೆ. ಕ್ಯಾಂಟೀನಿನ ಪ್ರಶ್ನೆಗೆ ಬಹುಪಾಲು ಸಲ ಉತ್ತರ ಇಷ್ಟೇ.

2008-09: ಅಲ್ಲಿ ಹಗಲು, ಇಲ್ಲಿ ರಾತ್ರಿ

2008ರ ಡಿಸೆಂಬರ್ 16. ಮುಂಬೈ ಪೇಟೆ ಮುಚ್ಚಿದ ಮೇಲೆ ಹೈದರಾಬಾದಿನ ಸತ್ಯಂ ಒಂದು ಘೋಷಣೆ ಮಾಡಿತು: ಸುಮಾರು 160 ಕೋಟಿ ಡಾಲರ್ ಕೊಟ್ಟು ಮೇಟಾಸ್ ಅನ್ನೋ ಹೆಸರಿನ ಎರಡು ಕಂಪನಿಗಳನ್ನು ಕೊಳ್ಳುತ್ತೇವೆ. ಒಂದು ಜಮೀನು-ಮನೆಯ ವ್ಯವಹಾರದ್ದು, ಇನ್ನೊಂದು ಕಟ್ಟೋ ಕೆಲಸದ್ದು. ಎರಡೂ ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದವು. ಸಾಫ್ಟ್‌ವೇರ್ ಕಂಪನಿಯ ದುಡ್ಡಲ್ಲಿ ಮನೆಯವರ ಜಮೀನು!

ಆ ರಾತ್ರಿ ನಮ್ಮ ಸಣ್ಣ ಹೂಡಿಕೆದಾರರು ಮಲಗಿದ್ದರು. ನ್ಯೂಯಾರ್ಕಿನಲ್ಲಿ ಹಗಲು. ಸತ್ಯಂನ ಎಡಿಆರ್ ಅಲ್ಲಿ ನೂರಕ್ಕೆ 50ಕ್ಕೂ ಹೆಚ್ಚು ಕುಸಿಯಿತು. ದೊಡ್ಡ ಫಂಡುಗಳು ಫೋನಿನಲ್ಲೇ ಜಗಳಕ್ಕೆ ನಿಂತವು. ಬೆಳಗಾಗೋದರೊಳಗೆ ಕಂಪನಿ ಆ ವ್ಯವಹಾರವನ್ನು ಕೈಬಿಟ್ಟಿತು. ಇದು ದೊಡ್ಡ ಹೂಡಿಕೆದಾರರ ಒಳ್ಳೇ ಮುಖ, ಒಪ್ಪಿಕೊಳ್ಳಬೇಕು. ಸಣ್ಣವರು ಸಾವಿರಾರು ಜನ ಸೇರಿ ಪತ್ರ ಬರೆದರೂ ಆಗದ ಕೆಲಸ ಅವರಿಂದ ಕೆಲವು ಗಂಟೆಗಳಲ್ಲಿ ಆಯಿತು. ಆದರೂ 17ರ ಬೆಳಗ್ಗೆ ಇಲ್ಲಿ ಪೇಟೆ ತೆರೆದಾಗ ಷೇರು ಬಿದ್ದೇ ಬಿತ್ತು, ದಿನದ ಕೊನೆಗೆ ಸುಮಾರು 30ರಷ್ಟು. ಎದ್ದು ಪೇಪರ್ ಬಿಡಿಸಿದವನಿಗೆ ಮಾಡೋಕೆ ಏನೂ ಉಳಿದಿರಲಿಲ್ಲ.

ಇನ್ನೊಂದು ವಿಷಯ ಒಳಗೊಳಗೇ ನಡೆದಿತ್ತು. ರಾಜು ಕುಟುಂಬದವರು ತಮ್ಮ ಷೇರುಗಳನ್ನು ಗಿರವಿ ಇಟ್ಟು ಸಾಲ ಎತ್ತಿದ್ದರು. ಬೆಲೆ ಇಳಿದಂತೆ ಸಾಲ ಕೊಟ್ಟವರು ಆ ಷೇರುಗಳನ್ನು ಪೇಟೆಯಲ್ಲಿ ಮಾರಿದರು. ಮಾರಿದ್ದರಿಂದ ಬೆಲೆ ಇನ್ನೂ ಇಳಿಯಿತು. ಎಲ್ಲರೂ "ಇದು ಅಲುಗಾಡದ ಷೇರು" ಅಂದುಕೊಂಡಿದ್ದು ಗೊತ್ತಿಲ್ಲದಂತೆ ಹೊರಬಾಗಿಲಿಗೆ ಬಂದು ನಿಂತಿತ್ತು.

2009ರ ಜನವರಿ 7ರಂದು ರಾಜು ತಪ್ಪೊಪ್ಪಿಗೆಯ ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಬೆಳಗ್ಗೆ 180 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ಸಂಜೆಗೆ 40ರ ಹತ್ತಿರ. ಆ ವರ್ಷದ ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರಾ ಷೇರಿಗೆ 58 ರೂಪಾಯಿಯಂತೆ ಕಂಪನಿಯ ದೊಡ್ಡ ಪಾಲು ಕೊಂಡಿತು. 2015ರಲ್ಲಿ ರಾಜು ಅವರಿಗೆ ಕೋರ್ಟು ಶಿಕ್ಷೆ ಕೊಟ್ಟಿತು.

ಈ ಸಲ ದೊಡ್ಡವರೂ ಮುಳುಗಿದರು ಅನ್ನೋದನ್ನು ಮರೆಯಬಾರದು. ಎಲ್‌ಐಸಿ ಹತ್ತಿರವೂ ಸತ್ಯಂ ಷೇರಿತ್ತು, ವಿದೇಶಿ ಫಂಡುಗಳ ಹತ್ತಿರವೂ ಇತ್ತು. ಎಷ್ಟು ದೊಡ್ಡವರಾದರೂ ಸುಳ್ಳು ಲೆಕ್ಕದ ಮುಂದೆ ಎಲ್ಲರೂ ಸಣ್ಣವರೇ. ಇದರಿಂದ ಬಂದ ಒಂದು ಒಳ್ಳೇದು ಅಂದರೆ, ಆ ಜನವರಿಯಲ್ಲೇ ಸೆಬಿ ಪ್ರವರ್ತಕರು ಗಿರವಿ ಇಟ್ಟ ಷೇರಿನ ಲೆಕ್ಕ ಹೇಳಲೇಬೇಕು ಅಂತ ಕಡ್ಡಾಯ ಮಾಡಿತು. ಈಗ ಯಾರು ಬೇಕಾದರೂ ಅದನ್ನು ನೋಡಬಹುದು. ನೋಡೋರು ಎಷ್ಟು ಜನ ಅನ್ನೋದು ಬೇರೆ ಮಾತು.

2021: 1993 ಉಲ್ಟಾ

ಇನ್ಫೋಸಿಸ್ ಕಥೆಯಲ್ಲಿ ಒಂದು ಮಾತು ಇಲ್ಲೇ ಇರಲಿ ಅಂದಿದ್ದೆನಲ್ಲ, ಈಗ ತೆಗೆಯೋಣ.

2021ರ ನವೆಂಬರಿನಲ್ಲಿ ಪೇಟಿಎಂ ಪೇಟೆಗೆ ಬಂತು. 18,300 ಕೋಟಿ ರೂಪಾಯಿ, ಅಲ್ಲಿಯವರೆಗೆ ದೇಶದಲ್ಲೇ ಅತಿ ದೊಡ್ಡದು. ಬೆಲೆ 2,150. ಈ ಸಲ ಸಣ್ಣವರು ಹೆದರಲಿಲ್ಲ, ತಮಗೆ ಮೀಸಲಾಗಿದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಅರ್ಜಿ ಹಾಕಿದರು. ಆದರೆ ಆ 18,300 ಕೋಟಿಯಲ್ಲಿ ಕಂಪನಿಗೆ ಹೋಗಿದ್ದು 8,300 ಕೋಟಿ. ಉಳಿದ 10,000 ಕೋಟಿ ಹೋದದ್ದು ಮೊದಲೇ ಒಳಗಿದ್ದು, ತಮ್ಮ ಷೇರು ಮಾರಿ ಹೊರಟವರಿಗೆ.

ನವೆಂಬರ್ 18ರ ಮೊದಲ ದಿನವೇ ಷೇರು 27ರಷ್ಟು ಬಿದ್ದು 1,560ರ ಆಸುಪಾಸಿಗೆ ನಿಂತಿತು. ಹಳೇ ಹೂಡಿಕೆದಾರರ ಉಳಿದ ಷೇರಿಗೆ ಒಂದು ವರ್ಷ ಬೀಗ ಇತ್ತು. 2022ರ ನವೆಂಬರ್ ಮಧ್ಯದಲ್ಲಿ ಬೀಗ ತೆಗೆದ ಕೂಡಲೇ ಜಪಾನಿನ ಸಾಫ್ಟ್‌ಬ್ಯಾಂಕ್ ದೊಡ್ಡ ಗಂಟೊಂದನ್ನು ಮಾರಿತು. ಅವತ್ತು ಷೇರು ಮತ್ತೆ ಸುಮಾರು 10ರಷ್ಟು ಇಳಿಯಿತು. ಆ ತಿಂಗಳಲ್ಲೇ ಬೆಲೆ 500ಕ್ಕಿಂತ ಕೆಳಗೆ. ಬೀಗ ತೆಗೆಯೋ ದಿನ ಯಾವುದು ಅನ್ನೋದು ಗುಟ್ಟೇನೂ ಆಗಿರಲಿಲ್ಲ. ಕಂಪನಿಯ ಕಾಗದದಲ್ಲೇ ಬರೆದಿತ್ತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. 1993ರಲ್ಲಿ ಕಂಪನಿ ಚಿಕ್ಕದಾಗಿದ್ದಾಗಲೇ ಪೇಟೆಗೆ ಬಂತು. ಅದರ ಬೆಳವಣಿಗೆಯೆಲ್ಲಾ ನಡೆದದ್ದು ಪೇಟೆಯಲ್ಲಿ, ಎಲ್ಲರ ಕಣ್ಣೆದುರು. ಧೈರ್ಯ ಮಾಡಿದ ಸಣ್ಣವನಿಗೂ ಅದರಲ್ಲಿ ಪಾಲಿತ್ತು. ಈಗ ಕಂಪನಿ ಬೆಳೆಯೋದು ಖಾಸಗಿ ಫಂಡುಗಳ ಮನೆಯೊಳಗೆ. ಅಲ್ಲಿಗೆ ಸಣ್ಣವರಿಗೆ ಪ್ರವೇಶವಿಲ್ಲ. ಪೇಟೆಯ ಬಾಗಿಲು ತೆರೆಯೋದು ಬಹಳ ಸಲ ಒಳಗಿದ್ದವರಿಗೆ ಹೊರಗೆ ಹೋಗಬೇಕಾದಾಗ. ಸಣ್ಣವರ ಒಳಬಾಗಿಲು, ದೊಡ್ಡವರ ಹೊರಬಾಗಿಲು ಎರಡೂ ಒಂದೇ ಆಗಿಬಿಟ್ಟಿದೆ.

ಹಾಗಾದರೆ ಸಣ್ಣವರ ಕೈಲಿ ಏನೂ ಇಲ್ವಾ?

ಇದೆ. ಇವತ್ತು ಮೊದಲಿಗಿಂತ ಜಾಸ್ತಿಯೇ ಇದೆ. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಖಾತೆಗಳಿದ್ದವು. 2025ರ ಮಾರ್ಚ್ ಹೊತ್ತಿಗೆ 19 ಕೋಟಿ. ಮ್ಯೂಚುವಲ್ ಫಂಡುಗಳಿಗೆ ಸಿಪ್ ಮೂಲಕ ಬರೋ ಹಣ 2024ರ ಏಪ್ರಿಲ್‌ನಲ್ಲಿ ಮೊದಲ ಸಲ ತಿಂಗಳಿಗೆ 20,000 ಕೋಟಿ ರೂಪಾಯಿ ದಾಟಿತು. ಫಾರಿನ್ನೋರು ಮಾರಿದ ದಿನ ಎದುರು ನಿಂತು ಕೊಳ್ಳೋರು ಈಗ ಬಹಳ ಸಲ ನಾವೇ, ಐನೂರು ಸಾವಿರ ಕಟ್ಟೋರು. ಯುಎಸ್-64ರ ಮೇಷ್ಟ್ರ ಗಂಟು ಇನ್ನೊಂದು ರೂಪದಲ್ಲಿ ಬಂದಿದೆ. ವ್ಯತ್ಯಾಸ ಏನಂದರೆ ಈಗ ಪ್ರತಿ ದಿನ ಗಂಟು ಬಿಚ್ಚಿ ಬೆಲೆ ತೋರಿಸಲೇಬೇಕು. ಅದು 2001 ಕಲಿಸಿದ ಪಾಠ.

ಆದರೆ ಒಬ್ಬೊಬ್ಬರೇ ದಿನದ ಆಟಕ್ಕೆ ಇಳಿದಾಗ ಏನಾಗುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಎದುರುಗಡೆ ಗಳಿಸಿದ ದೊಡ್ಡ ಸಂಸ್ಥೆಗಳ ಲಾಭದಲ್ಲಿ ಬಹುಪಾಲು ಬಂದದ್ದು ಅಲ್ಗಾರಿದಮ್‌ಗಳಿಂದ. ಅಂದರೆ ನಮ್ಮಂಥವರೇ ಕೂತು ಬರೆದ ಕೋಡು! ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಬಾಗಿಲಿಗೆ ಓಡೋ ಕೋಡಿನ ಎದುರು ಟೀ ಬ್ರೇಕಿನಲ್ಲಿ ಮೊಬೈಲ್ ಒತ್ತೋರು ಓಟಕ್ಕೆ ನಿಂತರೆ ಗೆಲ್ಲೋದು ಯಾರು ಅಂತ ಕೋಡು ಬರೆಯೋರಿಗೆ ಹೇಳಬೇಕಾಗಿಲ್ಲ.

ಹಳೇ ಹೆಸರೂ ಮತ್ತೆ ಬಂತು. 2025ರ ಜನವರಿ 2ರಂದು ಸೆಬಿ ಮಧ್ಯಂತರ ಆದೇಶವೊಂದರಲ್ಲಿ ಕೇತನ್ ಪಾರೇಖ್ ಅವರನ್ನು ಪೇಟೆಯಿಂದ ಮತ್ತೊಮ್ಮೆ ದೂರ ಇಟ್ಟಿತು. ಆರೋಪ ಏನಂದರೆ, ದೊಡ್ಡ ವಿದೇಶಿ ಫಂಡೊಂದು ಯಾವ ಷೇರು ಕೊಳ್ಳಲಿದೆ, ಮಾರಲಿದೆ ಅನ್ನೋದನ್ನು ಮೊದಲೇ ತಿಳಿದುಕೊಂಡು ಅದಕ್ಕಿಂತ ಮುಂಚೆ ವ್ಯವಹಾರ ಮಾಡಿದ್ದು. ಆರೋಪ ಕಡೆಗೆ ಏನಾದರೂ ಆಗಲಿ, ಅದರ ಹಿಂದಿನ ತರ್ಕ ಗಮನಿಸಿ. ಕಂಪನಿ ಹೇಗಿದೆ ಅಂತ ತಿಳಿಯಬೇಕಾಗೇ ಇಲ್ಲ. ದೊಡ್ಡವರು ಬಾಗಿಲಿಗೆ ಎಷ್ಟು ಹೊತ್ತಿಗೆ ಬರ್ತಾರೆ ಅಂತ ಗೊತ್ತಾದರೆ ಸಾಕು.

ಸಣ್ಣವರ ನಿಜವಾದ ಬಲ ಇರೋದು ಓಟದಲ್ಲಲ್ಲ, ಕೂರೋದರಲ್ಲಿ. ದೊಡ್ಡ ಫಂಡು ನಡೆಸೋರಿಗೆ ಮೂರು ತಿಂಗಳಿಗೊಮ್ಮೆ ಉತ್ತರ ಕೊಡಬೇಕು, ಜನ ಹಣ ವಾಪಸ್ ಕೇಳಿದರೆ ಇಷ್ಟವಿಲ್ಲದಿದ್ದರೂ ಮಾರಬೇಕು. ಸಾಲ ಮಾಡದೆ, ಸ್ವಂತ ಉಳಿತಾಯದಲ್ಲಿ ಕೊಂಡವನನ್ನು ಬಾಗಿಲಿಗೆ ಬಾ ಅಂತ ಕರೆಯೋ ಹಕ್ಕು ಯಾರಿಗೂ ಇಲ್ಲ. ಅಮಳನೇರಿನವರು ಮಾಡಿದ್ದು ಅಷ್ಟೇ. ಆದರೆ ಕೂರೋದಕ್ಕೂ ಒಂದು ಷರತ್ತಿದೆ. ಕಂಪನಿ ನಿಜವಾಗಿರಬೇಕು. ಸತ್ಯಂ ಷೇರಿನ ಮೇಲೆ ತಾಳ್ಮೆಯಿಂದ ಕೂತವರಿಗೆ ತಾಳ್ಮೆ ಏನೂ ಕೊಡಲಿಲ್ಲ.

ಆದ್ದರಿಂದ ಇನ್ನು ಮೇಲೆ ಯಾರಾದರೂ "ಈ ಷೇರು ಭಾರೀ ಏರ್ತಾ ಇದೆ" ಅಂದರೆ ನಾನು ಕೇಳೋ ಪ್ರಶ್ನೆಗಳು ಮೂರು. ಪುಟ್ಟಿಯಲ್ಲಿ ಇರೋ ಹೂವೆಷ್ಟು? ಪ್ರವರ್ತಕರು ಗಿರವಿ ಇಟ್ಟದ್ದೆಷ್ಟು? ಬೀಗ ತೆಗೆಯೋ ದಿನ ಯಾವತ್ತು? ಮೂರಕ್ಕೂ ಉತ್ತರ ಇವತ್ತು ಷೇರುಪೇಟೆಯ ತಾಣಗಳಲ್ಲೂ ಕಂಪನಿಯ ಕಾಗದಗಳಲ್ಲೂ ಬಿಟ್ಟಿ ಸಿಗುತ್ತೆ. 1993ರ ಮೇಷ್ಟ್ರಿಗೆ ಅದು ಸಿಗುತ್ತಿರಲಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೂ ಹಳದಿಯಾದ ಯುಎಸ್-64 ಕಾಗದವೋ, ಹೆಸರೇ ಕೇಳದ ಯಾವುದೋ ಇನ್ಫೋಟೆಕ್‌ನ ಷೇರು ಪತ್ರವೋ ಇದ್ದೀತು. ಅಪ್ಪನನ್ನೋ ಅಜ್ಜನನ್ನೋ ಕೇಳಿ ಆ ಕಥೆ ಬರೆಯಿರಿ. ಓದೋಕೆ ಕಾಯ್ತಿರ್ತೀನಿ.